ಐ7-13700ಎಚ್ ಕೊಳ್ಳಬೇಕೇ, ರೈಜೆನ್ 7 7840ಎಚ್‌ಎಸ್ ಕೊಳ್ಳಬೇಕೇ? ಹೆಸರಿಗಿಂತ ಮೊದಲು ವಾಟ್ ನೋಡಿ

ಎರಡು ಲ್ಯಾಪ್‌ಟಾಪ್‌ಗಳು. ಪರದೆಯ ಅಳತೆ ಒಂದೇ, ಗ್ರಾಫಿಕ್ಸ್ ಕಾರ್ಡಿನ ಹೆಸರೂ ಒಂದೇ, ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಬೇರೆ ಇರುವುದು ಪ್ರೊಸೆಸರ್: ಒಂದರಲ್ಲಿ ಇಂಟೆಲ್‌ನ ಕೋರ್ ಐ7-13700ಎಚ್, ಇನ್ನೊಂದರಲ್ಲಿ ಎಎಂಡಿಯ ರೈಜೆನ್ 7 7840ಎಚ್‌ಎಸ್. ಯಾವುದನ್ನು ಕೊಳ್ಳಲಿ ಎಂದು ಕೇಳುವವರಿಗೆ ಒಂದೇ ಮಾತಿನ ಉತ್ತರ ಬೇಕಾಗಿರುತ್ತದೆ. ಅಂಥ ಉತ್ತರ ನನ್ನಲ್ಲಿ ಅರ್ಧ ಮಾತ್ರ ಇದೆ. ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲವಾದರೆ ರೈಜೆನ್ ಕೊಳ್ಳಿ, ಎರಡನೆಯ ಯೋಚನೆ ಬೇಡ. ಕಾರ್ಡ್ ಇದೆಯೆಂದಾದರೆ ಮಾತ್ರ ಸ್ವಲ್ಪ ಕೂತು ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕದಲ್ಲಿ ಪ್ರೊಸೆಸರಿನ ಹೆಸರಿಗಿಂತ ಅದಕ್ಕೆ ಸಿಗುವ ವಿದ್ಯುತ್ತಿನ ಪಾಲು ದೊಡ್ಡದು.

ಎರಡನ್ನೂ ಪ್ರಕಟಿಸಿದ್ದು 2023ರ ಜನವರಿಯಲ್ಲಿ. ಹಳೆಯವಾಗಿಬಿಟ್ಟವಲ್ಲವೇ ಎಂದು ಕೇಳಬಹುದು. ಆದರೆ ಎಎಂಡಿ 2023ರ ಕೊನೆಯಲ್ಲಿ ಘೋಷಿಸಿದ ರೈಜೆನ್ 7 8845ಎಚ್‌ಎಸ್‌ನಲ್ಲಿರುವುದು ಇದೇ 8 ಕೋರ್ (ಲೆಕ್ಕ ಮಾಡುವ ಘಟಕ), ಇದೇ ವೇಗ, ಇದೇ ಗ್ರಾಫಿಕ್ಸ್. ಎಐ ಘಟಕವೊಂದು ಚುರುಕಾಗಿದೆ, ಹೆಸರು ಹೊಸದಾಗಿದೆ, ಅಷ್ಟೇ. ಇಂಟೆಲ್‌ನ ಐ7-13700ಎಚ್ ಕೂಡ ಹಿಂದಿನ ವರ್ಷದ ಐ7-12700ಎಚ್‌ನ ಒಡಹುಟ್ಟು: ಕೋರ್‌ಗಳ ಸಂಖ್ಯೆ ಅದೇ, ಗರಿಷ್ಠ ವೇಗ 4.7ರಿಂದ 5 ಗಿಗಾಹರ್ಟ್ಸ್‌ಗೆ ಏರಿದೆ. ಹಾಗಾಗಿ ಇಲ್ಲಿನ ಮಾತು ಈ ನಾಲ್ಕೂ ಹೆಸರುಗಳಿಗೆ ಬಹುಮಟ್ಟಿಗೆ ಸಲ್ಲುತ್ತದೆ.

ಕಾಗದದ ಮೇಲಿನ ಲೆಕ್ಕ

ಇಂಟೆಲ್ ಪ್ರೊಸೆಸರಿನಲ್ಲಿ 14 ಕೋರ್‌ಗಳು. ಅದರಲ್ಲಿ 6 ದೊಡ್ಡವು, 8 ಚಿಕ್ಕವು. ದೊಡ್ಡ ಕೋರ್ ಒಂದೊಂದೂ ಎರಡು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ನಡೆಸುತ್ತದೆ, ಚಿಕ್ಕದು ಒಂದನ್ನು, ಒಟ್ಟು 20. ರೈಜೆನ್‌ನಲ್ಲಿ 8 ಕೋರ್‌ಗಳು, ಎಲ್ಲವೂ ಸಮಾನ, 16 ಥ್ರೆಡ್‌ಗಳು. 14ರ ಪಕ್ಕದಲ್ಲಿ 8 ಬಡವಾಗಿ ಕಾಣುತ್ತದೆ ನಿಜ. ಆದರೆ ಇಂಟೆಲ್‌ನ ದೊಡ್ಡ ಕೋರ್‌ಗಳು 5 ಗಿಗಾಹರ್ಟ್ಸ್‌ವರೆಗೆ ಓಡಿದರೆ ಚಿಕ್ಕವು 3.7ಕ್ಕೆ ನಿಲ್ಲುತ್ತವೆ, ಪ್ರತಿ ಹೆಜ್ಜೆಯಲ್ಲಿ ಮಾಡುವ ಕೆಲಸವೂ ಕಡಿಮೆ. ರೈಜೆನ್‌ನ ಕೋರ್‌ಗಳ ಗರಿಷ್ಠ ವೇಗ 5.1. ತಲೆ ಎಣಿಸಿ ಗೆಲುವು ಸಾರುವ ಪಂದ್ಯ ಇದಲ್ಲ.

ಎಲ್3 ಕ್ಯಾಷ್, ಎಂದರೆ ಪ್ರೊಸೆಸರಿನೊಳಗಿನ ವೇಗದ ಪುಟ್ಟ ಮೆಮೊರಿ, ಇಂಟೆಲ್‌ನಲ್ಲಿ 24 ಎಂಬಿ, ರೈಜೆನ್‌ನಲ್ಲಿ 16. ರೈಜೆನ್ ತಯಾರಾಗುವುದು ಟಿಎಸ್‌ಎಂಸಿ ಎಂಬ ಚಿಪ್ ತಯಾರಿಕಾ ಕಂಪನಿಯ 4 ನ್ಯಾನೋಮೀಟರ್ ವಿಧಾನದಲ್ಲಿ; ಇಂಟೆಲ್ ಬಳಸಿರುವುದು ತಾನು ‘ಇಂಟೆಲ್ 7’ ಎಂದು ಕರೆಯುವ, ಹಿಂದೆ 10 ನ್ಯಾನೋಮೀಟರ್ ಎಂದೇ ಗುರುತಿಸುತ್ತಿದ್ದ ವಿಧಾನ. ಇದರ ಪರಿಣಾಮ ವಿದ್ಯುತ್ತಿನ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಇಂಟೆಲ್ ಹೇಳುವ ಮೂಲ ಮಿತಿ 45 ವಾಟ್, ಗರಿಷ್ಠ ಮಿತಿ 115 ವಾಟ್. ಎಎಂಡಿ ಹೇಳುವುದು 35ರಿಂದ 54 ವಾಟ್.

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆ. ‘ರೈಜೆನ್ 7’ ಎಂದಷ್ಟೇ ಓದಿ ಹಣ ಕೊಡಬೇಡಿ. ಈ ಸರಣಿಯಲ್ಲಿ ಮೂರನೆಯ ಅಂಕಿ ಒಳಗಿನ ವಿನ್ಯಾಸದ ತಲೆಮಾರನ್ನು ಹೇಳುತ್ತದೆ. 7840ರಲ್ಲಿ ಅದು 4, ಎಂದರೆ ಜೆನ್ 4 ಎಂಬ ವಿನ್ಯಾಸ. ರೈಜೆನ್ 7 7735ಎಚ್‌ಎಸ್‌ನಲ್ಲಿ ಅದು 3. ಒಳಗಿರುವುದು ಹಿಂದಿನ ತಲೆಮಾರಿನ ವಿನ್ಯಾಸ, ಹಿಂದಿನ ತಲೆಮಾರಿನ ಗ್ರಾಫಿಕ್ಸ್. ಎರಡಕ್ಕೂ 8 ಕೋರ್, ಎರಡೂ ‘7000 ಸರಣಿ’. ಇಂಟೆಲ್ ಕಡೆಯೂ ಇದೇ ಆಟ ನಡೆದಿದೆ: ಐ7-13620ಎಚ್ ಎಂಬ ಇನ್ನೊಂದು ಐ7 ಇದೆ, ಅದರಲ್ಲಿ ಇರುವುದು 10 ಕೋರ್‌ಗಳು ಮಾತ್ರ, ಒಳಗಿನ ಗ್ರಾಫಿಕ್ಸೂ ಕುಗ್ಗಿದೆ. ಕೆಟ್ಟ ಪ್ರೊಸೆಸರುಗಳಲ್ಲ ಇವು. ಆದರೆ 13700ಎಚ್‌ನ ಬೆಲೆ ಕೊಟ್ಟು 13620ಎಚ್ ಹೊತ್ತುಕೊಂಡು ಬರಬಾರದು.

ಹಾಸಿಗೆ ಎಷ್ಟು ಉದ್ದ?

ಪ್ರೊಸೆಸರ್ ತಯಾರಿಸುವವರು ಮಿತಿಯನ್ನು ಹೇಳಿ ಕೈತೊಳೆದುಕೊಳ್ಳುತ್ತಾರೆ. ಆ ಮಿತಿಯೊಳಗೆ ಎಷ್ಟು ವಾಟ್ ಕೊಡಬೇಕು, ಎಷ್ಟು ಹೊತ್ತು ಕೊಡಬೇಕು ಎಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಕಟ್ಟುವವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಹಾಸಿಗೆ ಎಂದರೆ ಫ್ಯಾನು, ಶಾಖ ಸಾಗಿಸುವ ತಾಮ್ರದ ಕೊಳವೆ ಮತ್ತು ಚಾರ್ಜರ್.

ಇದನ್ನು ಕಣ್ಣಾರೆ ನೋಡಬೇಕೆಂದರೆ ಹೆಚ್ಚು ಸಲಕರಣೆ ಬೇಕಿಲ್ಲ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದು, ಪ್ರೊಸೆಸರ್ ಒಟ್ಟಾರೆ ಎಳೆಯುವ ವಾಟ್ ತೋರಿಸುವ ಸಾಲನ್ನು ಹುಡುಕಿ. ನಂತರ ಒಂದು ಗಂಟೆ ಉದ್ದದ ವಿಡಿಯೋವನ್ನು ಪ್ರೊಸೆಸರಿನ ಬಲದಿಂದಲೇ ಬೇರೆ ರೂಪಕ್ಕೆ ಪರಿವರ್ತಿಸಲು ಬಿಡಿ. ತೆಳುವಾದ ಇಂಟೆಲ್ ಲ್ಯಾಪ್‌ಟಾಪಾದರೆ ಅಂಕಿ ಒಮ್ಮೆಲೇ ಮೇಲಕ್ಕೆ ಹಾರುತ್ತದೆ, ತೊಂಬತ್ತು ದಾಟಲೂಬಹುದು. ಫ್ಯಾನ್ ಇನ್ನೂ ಎದ್ದಿರುವುದಿಲ್ಲ, ಉಷ್ಣತೆ ಆಗಲೇ 90 ಡಿಗ್ರಿ ಮುಟ್ಟಿರುತ್ತದೆ. ಅರ್ಧ ನಿಮಿಷ ಕಳೆಯುವುದರೊಳಗೆ ಫ್ಯಾನ್ ಕಿರುಚಲು ತೊಡಗುತ್ತದೆ, ವಾಟ್ ಜಾರಿ 45-50ರ ಆಸುಪಾಸಿಗೆ ಬಂದು ಕೂರುತ್ತದೆ. ಉಳಿದ ಕೆಲಸವೆಲ್ಲ ಆ ವೇಗದಲ್ಲೇ ನಡೆಯುವುದು. ವೇಗ ಅಳೆಯುವ ಹೆಚ್ಚಿನ ಅಂಕಪರೀಕ್ಷೆಗಳು (ಬೆಂಚ್‌ಮಾರ್ಕ್) ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ ಮೊದಲ ಅರ್ಧ ನಿಮಿಷದ ಆರ್ಭಟಕ್ಕೆ ಅವುಗಳಲ್ಲಿ ಸಲ್ಲದಷ್ಟು ಬೆಲೆ ಸಿಗುತ್ತದೆ.

ಅದೇ ಗಾತ್ರದ ರೈಜೆನ್ ಲ್ಯಾಪ್‌ಟಾಪಿನಲ್ಲಿ ಆ ಗೆರೆ ಅಷ್ಟೆತ್ತರ ಏರುವುದೂ ಇಲ್ಲ, ಅಷ್ಟು ಕೆಳಗೆ ಬೀಳುವುದೂ ಇಲ್ಲ. ಎರಡನ್ನೂ 45-50 ವಾಟ್‌ಗೆ ಕಟ್ಟಿಹಾಕಿದರೆ ರೈಜೆನ್ ಸರಿಸಮನಾಗಿ ನಿಲ್ಲುತ್ತದೆ, ಎಷ್ಟೋ ಸಲ ಮುಂದೆಯೂ ಹೋಗುತ್ತದೆ. ಇಂಟೆಲ್‌ಗೆ ದಪ್ಪ ಮೈಯ ಲ್ಯಾಪ್‌ಟಾಪ್ ಕೊಟ್ಟು, 80-90 ವಾಟ್ ನಿರಂತರವಾಗಿ ಉಣಿಸಿದರೆ ಎಲ್ಲ ಕೋರ್‌ಗಳೂ ದುಡಿಯುವ ಕೆಲಸಗಳಲ್ಲಿ ಅದೇ ಮುಂದೆ. ಹೀಗಾಗಿ ‘ಯಾವುದು ವೇಗ?’ ಎಂಬ ಪ್ರಶ್ನೆಗೆ ನಾನು ಮರಳಿ ಕೇಳುವುದು: ಲ್ಯಾಪ್‌ಟಾಪ್ ಎಷ್ಟು ದಪ್ಪ ಇದೆ? ಚಾರ್ಜರ್ ಎಷ್ಟು ವಾಟಿನದು?

ಆಟ ಆಡುವವರಿಗೆ ಇದು ಇನ್ನೂ ಮುಖ್ಯ. ಆಟದ ಹೊತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದೇ ತಾಮ್ರದ ಕೊಳವೆಗಳನ್ನು ಹಂಚಿಕೊಳ್ಳುತ್ತವೆ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡಿಗೆ ಎನ್‌ವಿಡಿಯಾ ಕೊಟ್ಟಿರುವ ಮಿತಿ 35ರಿಂದ 115 ವಾಟ್. ಎರಡು ಲ್ಯಾಪ್‌ಟಾಪ್‌ಗಳ ಮೇಲೂ ‘4060’ ಎಂದೇ ಬರೆದಿದ್ದರೂ ಒಂದು ಇನ್ನೊಂದರ ಅರ್ಧದಷ್ಟು ವಾಟ್‌ನಲ್ಲಿ ಓಡುತ್ತಿರಬಹುದು. ಅಂಥ ಎರಡರ ನಡುವೆ ಪ್ರೊಸೆಸರ್ ಹೋಲಿಸುತ್ತ ಕೂರುವುದು ವ್ಯರ್ಥ. ಮೊದಲು ಕಾರ್ಡಿನ ವಾಟ್ ನೋಡಿ, ಅದು ಸಮವಿದ್ದರೆ ಪ್ರೊಸೆಸರ್ ವಿಚಾರಕ್ಕೆ ಬನ್ನಿ.

ಆಟದಲ್ಲಿ ಪ್ರೊಸೆಸರ್ ಕಾಣುವುದು ಎಲ್ಲಿ?

ಸೆಕೆಂಡಿಗೆ 60 ಫ್ರೇಮ್, ಎಂದರೆ 60 ಬಿಡಿ ಚಿತ್ರ, ಬೇಕೆಂದರೆ ಒಂದೊಂದು ಫ್ರೇಮಿಗೂ ಸಿಗುವ ಸಮಯ 16.7 ಮಿಲಿಸೆಕೆಂಡ್. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್ ಪರದೆಯನ್ನು ತುಂಬಬೇಕೆಂದರೆ 6.9 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ತನ್ನ ಕೆಲಸ ಮುಗಿಸಬೇಕು: ಎದುರಾಳಿ ಎಲ್ಲಿದ್ದಾನೆ, ಗುಂಡು ಯಾವುದಕ್ಕೆ ತಗುಲಿತು, ಈಗ ಏನನ್ನು ಬಿಡಿಸಬೇಕು ಎಂದು ಲೆಕ್ಕ ಹಾಕಿ ಕಾರ್ಡಿಗೆ ಆದೇಶ ಕೊಡಬೇಕು. ಬಿಡಿಸುವ ಕೆಲಸ ಕಾರ್ಡಿನದು. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗ.

1440ಪಿ (ಮೇಲಿಂದ ಕೆಳಗೆ 1440 ಚುಕ್ಕೆ ಸಾಲುಗಳ) ಪರದೆಯಲ್ಲಿ, ಚಿತ್ರದ ಗುಣಮಟ್ಟವನ್ನು ಮೇಲಕ್ಕೇರಿಸಿ ಆಡುವವರಾದರೆ ನಿಧಾನವಾಗುವುದು ಕಾರ್ಡೇ. ಅಲ್ಲಿ ಈ ಎರಡು ಪ್ರೊಸೆಸರುಗಳನ್ನು ಅದಲುಬದಲು ಮಾಡಿದರೂ ಆಡುವವರಿಗೆ ಗೊತ್ತಾಗದು. 1080ಪಿಯಲ್ಲಿ, ಗುಣಮಟ್ಟ ಇಳಿಸಿ ಕೌಂಟರ್-ಸ್ಟ್ರೈಕ್ 2ರಂಥ ಸ್ಪರ್ಧೆಯ ಆಟಗಳನ್ನು ಆಡುವಾಗ ಪ್ರೊಸೆಸರ್ ಬಯಲಿಗೆ ಬರುತ್ತದೆ. ಅಲ್ಲಿ ಸಾಕಷ್ಟು ವಾಟ್ ಸಿಕ್ಕ ಇಂಟೆಲ್‌ಗೆ, ದೊಡ್ಡ ಕ್ಯಾಷ್‌ನ ನೆರವೂ ಇರುವುದರಿಂದ, ಸಣ್ಣ ಮೇಲುಗೈ ಇದೆ. ಸಣ್ಣದು ಎಂದೇ ಹೇಳುತ್ತೇನೆ. ಅದಕ್ಕಾಗಿ ಹೆಚ್ಚು ಹಣ ತೆರುವಷ್ಟು ದೊಡ್ಡದಲ್ಲ.

ಸರಾಸರಿ ಫ್ರೇಮ್ ಸಂಖ್ಯೆಯ ಮೇಲೆ ನನಗೆ ನಂಬಿಕೆ ಕಡಿಮೆ. ಆಟ ಎಡವುವುದು ತೀರಾ ನಿಧಾನವಾದ ಆ ಶೇಕಡ 1ರಷ್ಟು ಫ್ರೇಮ್‌ಗಳಲ್ಲಿ. ಒಮ್ಮೆ ನನ್ನ ಲ್ಯಾಪ್‌ಟಾಪಿನಲ್ಲಿ ಹೀಗೇ ಆಯಿತು. ಸರಾಸರಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ತಿರುವಿನಲ್ಲಿ ಕಾರು ತಿರುಗಿಸಿದಾಗಲೆಲ್ಲ ಚಿತ್ರ ಕ್ಷಣಕಾಲ ಬಿಕ್ಕುತ್ತಿತ್ತು. ಎರಡು ತಿಂಗಳು ಪ್ರೊಸೆಸರನ್ನು ಬೈದೆ. ಕೊನೆಗೆ ಧೂಳು ತೆಗೆಯಲೆಂದು ತಳದ ಮುಚ್ಚಳ ಬಿಚ್ಚಿದಾಗ ನೋಡುತ್ತೇನೆ, ರ‍್ಯಾಮ್ ಕೂರಿಸುವ ಎರಡು ಜಾಗಗಳಲ್ಲಿ ಒಂದು ಖಾಲಿ. 16 ಜಿಬಿಯ ಒಂದೇ ಪಟ್ಟಿಯನ್ನು ಸಿಕ್ಕಿಸಿ ಕಳಿಸಿದ್ದರು. ಅಂಥದ್ದೇ ಇನ್ನೊಂದು ಪಟ್ಟಿ ಹಾಕಿದ ದಿನವೇ ಬಿಕ್ಕಳಿಕೆ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ ನನ್ನದು.

ಲೆಕ್ಕ ಸರಳವಾಗಿದೆ. ಡಿಡಿಆರ್5-5600 ರ‍್ಯಾಮಿನ ಎರಡು ಪಟ್ಟಿಗಳು ಸೇರಿ ಸೆಕೆಂಡಿಗೆ ಸುಮಾರು 90 ಜಿಬಿ ಮಾಹಿತಿ ಸಾಗಿಸಬಲ್ಲವು. ಒಂದೇ ಪಟ್ಟಿಯಾದರೆ 45. ರೈಜೆನ್ 7840ಎಚ್‌ಎಸ್ ಒಪ್ಪುವುದು ಡಿಡಿಆರ್5 ಮತ್ತು ಎಲ್‌ಪಿಡಿಡಿಆರ್5 ಬಗೆಗಳನ್ನು ಮಾತ್ರ. ಇಂಟೆಲ್ ಹಳೆಯ ಡಿಡಿಆರ್4-3200 ಜೊತೆಗೂ ಹೊಂದಿಕೊಳ್ಳುತ್ತದೆ, ಅದರ ಎರಡು ಪಟ್ಟಿಗಳ ಸಾಮರ್ಥ್ಯ ಸುಮಾರು 51 ಜಿಬಿ. ಖರ್ಚು ಉಳಿಸಲು ಐ7-13700ಎಚ್ ಜೊತೆ ಡಿಡಿಆರ್4 ಕೂರಿಸಿದ ಮಾದರಿಗಳು ಇವೆ. ವಿವರಪಟ್ಟಿಯಲ್ಲಿ ‘16 ಜಿಬಿ’ ಎಂಬುದರ ಪಕ್ಕದ ಸಣ್ಣ ಅಕ್ಷರಗಳನ್ನು ಓದುವುದು ಇದಕ್ಕಾಗಿ.

ಕಾರ್ಡ್ ಇಲ್ಲದ ಲ್ಯಾಪ್‌ಟಾಪ್

ಇಲ್ಲಿ ಹೋಲಿಕೆಯೇ ಮುಗಿದುಹೋಗುತ್ತದೆ. ರೈಜೆನ್ ಒಳಗಿರುವ ರೇಡಿಯಾನ್ 780ಎಂ ಗ್ರಾಫಿಕ್ಸ್‌ನಲ್ಲಿ 12 ಘಟಕಗಳಿವೆ, ವೇಗ 2.7 ಗಿಗಾಹರ್ಟ್ಸ್‌ವರೆಗೆ. ಎಸುಸ್ 2023ರಲ್ಲಿ ತಂದ ಆರ್‌ಒಜಿ ಅಲೈ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಜೆಡ್1 ಎಕ್ಸ್‌ಟ್ರೀಮ್ ಇದೇ ವಿನ್ಯಾಸದ ಚಿಪ್. ಬಹಳಷ್ಟು ಆಟಗಳನ್ನು 1080ಪಿಯಲ್ಲಿ, ಗುಣಮಟ್ಟ ತಗ್ಗಿಸಿಕೊಂಡು, ಬೇಸರವಿಲ್ಲದೆ ಆಡಬಹುದು. ಇಂಟೆಲ್‌ನ ಒಳಗ್ರಾಫಿಕ್ಸಾದ ಐರಿಸ್ ಎಕ್ಸ್‌ಇ ಹಳೆಯ ಆಟ, ಹಗುರ ಆಟಗಳಿಗೆ ಸರಿ. ಹೊಸ ಆಟ ಬಂದರೆ 720ಪಿಗೆ ಇಳಿದರೂ ಏದುಸಿರು ಬಿಡುತ್ತದೆ.

ಆದರೆ 780ಎಂಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಂಡು ಬಾಳಬೇಕು. ಎಲ್‌ಪಿಡಿಡಿಆರ್5ಎಕ್ಸ್-7500 ರ‍್ಯಾಮ್ ಇರುವ ಮಾದರಿಯಲ್ಲಿ ಅದಕ್ಕೆ ಸೆಕೆಂಡಿಗೆ 120 ಜಿಬಿಯಷ್ಟು ಹಾದಿ ಸಿಗುತ್ತದೆ. ಒಂದೇ ಪಟ್ಟಿಯ ಮಾದರಿಯಲ್ಲಿ ಅದೇ 780ಎಂ ಉಸಿರು ಕಟ್ಟಿದಂತಾಗುತ್ತದೆ. ಎಲ್‌ಪಿಡಿಡಿಆರ್ ಬೋರ್ಡಿಗೇ ಬೆಸೆದು ಬರುತ್ತದೆ, ಮುಂದೆ ಹೆಚ್ಚಿಸಲು ಬಾರದು. ಆದ್ದರಿಂದ ಅಂಥ ಮಾದರಿ ಕೊಳ್ಳುವವರು 16 ಜಿಬಿಗೆ ತೃಪ್ತರಾಗದೆ 32 ಜಿಬಿ ಇರುವುದನ್ನು ಹುಡುಕುವುದು ಮೇಲು.

ಕೆಲಸದ ವಿಚಾರ

ದಾಖಲೆ ಬರೆಯುವುದು, ಲೆಕ್ಕದ ಹಾಳೆ, ಮೂವತ್ತು ಟ್ಯಾಬ್ ತೆರೆದ ಬ್ರೌಸರ್, ವಿಡಿಯೋ ಸಭೆ: ಎರಡರಲ್ಲಿ ಯಾವುದಾದರೂ ಆದೀತು, ಇವೆರಡೂ ಅಂಥ ಕೆಲಸಕ್ಕೆ ಹೆಚ್ಚೇ ಆಯಿತು.

ಕೋಡ್ ಬರೆಯುವವರಿಗೆ ಒಂದು ಅನುಭವದ ಮಾತು. ಇಂಟೆಲ್‌ನ ದೊಡ್ಡ ಕೋರ್, ಚಿಕ್ಕ ಕೋರ್‌ಗಳಲ್ಲಿ ಯಾವ ಕೆಲಸ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ವಿಂಡೋಸ್. ಪ್ರೊಸೆಸರ್ ಒಳಗಿನ ಥ್ರೆಡ್ ಡೈರೆಕ್ಟರ್ ಎಂಬ ಘಟಕ ಅದಕ್ಕೆ ಸುಳಿವು ಕೊಡುತ್ತದೆ. ವಿಂಡೋಸ್ 11ರಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ, ಒಂದು ಸಂದರ್ಭ ಬಿಟ್ಟು. ಭಾರಿ ಕೆಲಸಕ್ಕೆ ಚಾಲನೆ ಕೊಟ್ಟು ಆ ಕಿಟಕಿಯನ್ನು ಕೆಳಗಿಳಿಸಿ ಬೇರೇನೋ ಮಾಡಲು ಹೋದರೆ, ‘ಇದೀಗ ಹಿನ್ನೆಲೆಯ ಕೆಲಸ’ ಎಂದುಕೊಂಡು ವಿಂಡೋಸ್ ಅದನ್ನು ಚಿಕ್ಕ ಕೋರ್‌ಗಳಿಗೆ ದಾಟಿಸಿಬಿಡಬಹುದು. ವಿಡಿಯೋ ಪರಿವರ್ತನೆ ಹಾಕಿ ಊಟಕ್ಕೆ ಎದ್ದುಹೋದಾಗ ಬೇಗ ಮುಗಿಯುತ್ತಿದ್ದ ಕೆಲಸ, ಪಕ್ಕದಲ್ಲೇ ಕೂತು ಮಿಂಚಂಚೆ ಓದಿದ ದಿನ ತೆವಳುತ್ತಿದ್ದುದರ ಗುಟ್ಟು ನನಗೆ ತಿಳಿದದ್ದು ತಡವಾಗಿ. ವಿದ್ಯುತ್ ಬಳಕೆಯ ಸೆಟ್ಟಿಂಗನ್ನು ಗರಿಷ್ಠ ಕಾರ್ಯಕ್ಷಮತೆಗೆ ಬದಲಿಸಿದರೆ ಬಹುತೇಕ ಸರಿಹೋಗುತ್ತದೆ. ಎಲ್ಲ ಕೋರ್‌ಗಳೂ ಒಂದೇ ಬಗೆಯವಾದ ರೈಜೆನ್‌ನಲ್ಲಿ ಈ ತಾಪತ್ರಯವೇ ಇಲ್ಲ. ವರ್ಚುವಲ್ ಯಂತ್ರಗಳನ್ನು (ತಂತ್ರಾಂಶದಿಂದ ನಡೆಯುವ ಕಂಪ್ಯೂಟರಿನೊಳಗಿನ ಕಂಪ್ಯೂಟರು) ಸದಾ ಓಡಿಸುವವರಿಗೆ ನಾನು ರೈಜೆನ್ ಸೂಚಿಸುವುದು ಈ ನೆಮ್ಮದಿಗಾಗಿ. ಸಂಖ್ಯಾ ಲೆಕ್ಕಾಚಾರದ ಕೆಲವು ತಂತ್ರಾಂಶಗಳಿಗೆ ಬೇಕಾದ ಎವಿಎಕ್ಸ್-512 ಸೂಚನೆಗಳೂ ರೈಜೆನ್‌ನಲ್ಲಿವೆ, ಈ ಇಂಟೆಲ್‌ನಲ್ಲಿ ಇಲ್ಲ.

ವಿಡಿಯೋ ಸಂಕಲನಕ್ಕೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಈಚಿನ ಕ್ಯಾಮೆರಾಗಳಲ್ಲಿ ಅನೇಕವು ವಿಡಿಯೋ ಕುಗ್ಗಿಸುವ ಎಚ್.265 ವಿಧಾನದ 10-ಬಿಟ್ 4:2:2 (ಬಣ್ಣದ ಮಾಹಿತಿ ಹೆಚ್ಚು ಉಳಿಸುವ) ರೂಪದಲ್ಲಿ ಚಿತ್ರೀಕರಿಸುತ್ತವೆ. ಬಣ್ಣ ತಿದ್ದಲು ಒಳ್ಳೆಯ ರೂಪ, ಆದರೆ ಬಿಡಿಸಿ ಓದುವುದು ಭಾರದ ಕೆಲಸ. ಇಂಟೆಲ್‌ನ ಒಳಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಎಂಬ ವಿಡಿಯೋ ಘಟಕ ಇದನ್ನು ನೇರವಾಗಿ ಬಿಡಿಸಬಲ್ಲದು. 780ಎಂ ಬಿಡಿಸಲಾರದು. ಅಚ್ಚರಿಯೆಂದರೆ ಆರ್‌ಟಿಎಕ್ಸ್ 40 ಸರಣಿಯ ಕಾರ್ಡುಗಳೂ ಬಿಡಿಸಲಾರವು. ಎನ್‌ವಿಡಿಯಾ ಆ ಸಾಮರ್ಥ್ಯ ಕೊಟ್ಟಿದ್ದು 50 ಸರಣಿಯಲ್ಲಿ. ಹೀಗಾಗಿ 4060 ಜೊತೆ ರೈಜೆನ್ ಕೊಂಡವರು ಇಂಥ ತುಣುಕನ್ನು ಟೈಮ್‌ಲೈನಿನಲ್ಲಿ ಎಳೆದಾಡಿದಾಗ ಚಿತ್ರ ತಡವರಿಸುತ್ತದೆ, ಹಗುರವಾದ ಪ್ರತಿ ಮಾಡಿಕೊಂಡು ಕೆಲಸ ಸಾಗಿಸಬೇಕಾಗುತ್ತದೆ.

ಇದಕ್ಕೂ ಒಂದು ಒಳಸುಳಿ ಇದೆ. ಒಳ್ಳೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಮಕ್ಸ್ ಸ್ವಿಚ್ ಎಂಬುದು ಇರುತ್ತದೆ. ಅದನ್ನು ಒತ್ತಿದರೆ ಪರದೆಗೆ ಚಿತ್ರ ಒಳಗ್ರಾಫಿಕ್ಸ್ ಮೂಲಕ ಸುತ್ತಿ ಬರದೆ ಕಾರ್ಡಿನಿಂದ ನೇರವಾಗಿ ಹೋಗುತ್ತದೆ, ಆಟದಲ್ಲಿ ಫ್ರೇಮ್ ಹೆಚ್ಚುತ್ತದೆ. ಆದರೆ ಆ ಸ್ಥಿತಿಯಲ್ಲಿ ಸಾಮಾನ್ಯವಾಗಿ ಒಳಗ್ರಾಫಿಕ್ಸ್ ಪೂರ್ತಿ ಮರೆಯಾಗುತ್ತದೆ, ಅದರ ಜೊತೆಗೆ ಕ್ವಿಕ್ ಸಿಂಕೂ. ರಾತ್ರಿ ಆಟ ಆಡಿ ಸ್ವಿಚ್ ಹಾಗೆಯೇ ಬಿಟ್ಟವರು ಬೆಳಿಗ್ಗೆ ಸಂಕಲನಕ್ಕೆ ಕೂತು, ನಿನ್ನೆ ಸಲೀಸಾಗಿ ಓಡಿದ ವಿಡಿಯೋ ಇಂದೇಕೆ ತೊದಲುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಸ್ವಿಚ್ ಹಿಂದಕ್ಕೆ ಹಾಕಿ, ಲ್ಯಾಪ್‌ಟಾಪ್ ಒಮ್ಮೆ ಮರುಚಾಲನೆ ಮಾಡಿದರೆ ಸಾಕು.

ಎವಿ1 ಎಂಬ ಇನ್ನೊಂದು ಕುಗ್ಗಿಸಿದ ರೂಪದಲ್ಲಿ ವಿಡಿಯೋ ಬರೆಯುವ ಶಕ್ತಿ 780ಎಂಗೆ ಇದೆ, ಐರಿಸ್ ಎಕ್ಸ್‌ಇಗೆ ಓದುವುದಷ್ಟೇ ಗೊತ್ತು. 40 ಸರಣಿಯ ಕಾರ್ಡ್ ಇದ್ದರೆ ಅದು ಬರೆದುಕೊಡುತ್ತದೆ, ಚಿಂತೆಯಿಲ್ಲ. ಎಐ ಘಟಕದ ಬಗ್ಗೆ ಉತ್ಸಾಹ ಬೇಡ: 7840ಎಚ್‌ಎಸ್‌ನಲ್ಲಿರುವುದು 10 ಟಾಪ್ಸ್ (ಸೆಕೆಂಡಿಗೆ 10 ಲಕ್ಷ ಕೋಟಿ ಲೆಕ್ಕ) ಸಾಮರ್ಥ್ಯ, 8845ಎಚ್‌ಎಸ್‌ನಲ್ಲಿ 16. ಮೈಕ್ರೋಸಾಫ್ಟ್ ತನ್ನ ಕೋಪೈಲಟ್ ಪ್ಲಸ್ ಎಂಬ ಎಐ ಸೌಲಭ್ಯಗಳಿಗೆ ಕೇಳುವುದು 40.

ಚಾರ್ಜರ್ ತೆಗೆದ ಮೇಲೆ

ಬ್ಯಾಟರಿಯ ಮೇಲೆ ದಿನದ ಬಹುಪಾಲು ದುಡಿಯುವವರಿಗೆ ರೈಜೆನ್ ಹಿತ. ಕಡಿಮೆ ವಾಟ್‌ನಲ್ಲಿ ಹೆಚ್ಚು ಕೆಲಸ ತೆಗೆಯುವುದು ಅದರ ಗುಣ, ಫ್ಯಾನಿನ ಗದ್ದಲವೂ ತಗ್ಗುತ್ತದೆ. ಸುಮ್ಮನೆ ಓದುತ್ತ ಕೂತಾಗ ಮಾತ್ರ ಅಂತರ ಅಷ್ಟಾಗಿ ಕಾಣದು. ಆಗ ಬ್ಯಾಟರಿ ಕುಡಿಯುವುದು ಪರದೆ, ಅದೂ ಹೆಚ್ಚಿನ ಹರ್ಟ್ಸ್‌ನ ಪರದೆ. ಬ್ಯಾಟರಿಯಲ್ಲಿ ದೊಡ್ಡ ಆಟ ಆಡುವ ಆಸೆಯನ್ನು ಎರಡರಲ್ಲೂ ಬಿಡುವುದು ಒಳ್ಳೆಯದು. ಚಾರ್ಜರ್ ಕೊಡುವ ವಾಟನ್ನು ಬ್ಯಾಟರಿ ಕೊಡಲಾರದು, ಕಾರ್ಡ್ ತಾನಾಗಿಯೇ ಕುಗ್ಗುತ್ತದೆ.

ಹೊರಗಿನ ಡಾಕ್ (ಒಂದೇ ತಂತಿಯಿಂದ ಹಲವು ಪೋರ್ಟು ಕೊಡುವ ಪೆಟ್ಟಿಗೆ), ಹಲವು ಪರದೆಗಳನ್ನು ಜೋಡಿಸುವವರು ಪೋರ್ಟುಗಳನ್ನು ನೋಡಿಕೊಳ್ಳಬೇಕು. ಇಂಟೆಲ್ ಜೊತೆ ಥಂಡರ್‌ಬೋಲ್ಟ್ 4, ರೈಜೆನ್ ಜೊತೆ ಯುಎಸ್‌ಬಿ4, ಎರಡರ ಗರಿಷ್ಠ ವೇಗವೂ ಸೆಕೆಂಡಿಗೆ 40 ಗಿಗಾಬಿಟ್. ಪ್ರೊಸೆಸರಿಗೆ ಶಕ್ತಿ ಇದ್ದ ಮಾತ್ರಕ್ಕೆ ತಯಾರಕರು ಆ ಪೋರ್ಟ್ ಕೊಟ್ಟೇ ಇರುತ್ತಾರೆಂದು ಭಾವಿಸಬೇಡಿ. ಕಡಿಮೆ ಬೆಲೆಯ ಮಾದರಿಗಳಲ್ಲಿ ಬರೀ ಸಾಧಾರಣ ಟೈಪ್-ಸಿ ಇರುತ್ತದೆ.

ಇಂಟೆಲ್‌ನ 13ನೇ ತಲೆಮಾರು ಎಂದೊಡನೆ ಕೆಲವರು ಹಿಂಜರಿಯುತ್ತಾರೆ. 2024ರಲ್ಲಿ ಸುದ್ದಿಯಾದ, ಹೆಚ್ಚಿನ ವೋಲ್ಟೇಜಿನಿಂದ ಪ್ರೊಸೆಸರ್ ಅಸ್ಥಿರವಾಗುವ ತೊಂದರೆ ಡೆಸ್ಕ್‌ಟಾಪ್ ಪ್ರೊಸೆಸರುಗಳದ್ದು. ಲ್ಯಾಪ್‌ಟಾಪಿನವು ಅದಕ್ಕೆ ತುತ್ತಾಗಿಲ್ಲ ಎಂದು ಇಂಟೆಲ್ ಹೇಳಿದೆ. ಅದೊಂದೇ ಕಾರಣಕ್ಕೆ 13700ಎಚ್ ಬಿಡಬೇಕಾಗಿಲ್ಲ.

ನಾನಾದರೆ ಹೀಗೆ ಆಯ್ದುಕೊಳ್ಳುತ್ತೇನೆ. ಚೀಲದಲ್ಲಿ ಹೊತ್ತು ತಿರುಗುವ, ಎರಡು ಕಿಲೋ ದಾಟದ ಲ್ಯಾಪ್‌ಟಾಪಾದರೆ ರೈಜೆನ್, ಕಾರ್ಡ್ ಇರಲಿ ಬಿಡಲಿ. ಮೇಜಿನ ಮೇಲೇ ಇರುವ, ದಪ್ಪ ಮೈಯ, ದೊಡ್ಡ ಚಾರ್ಜರಿನ ಯಂತ್ರ, ಮನೆಯಲ್ಲಿ 4:2:2 ಚಿತ್ರೀಕರಿಸುವ ಕ್ಯಾಮೆರಾ ಕೂಡ ಇದೆ ಎಂದಾದರೆ ಇಂಟೆಲ್. ಬರೀ ಆಟಕ್ಕೆಂದರೆ ಕಾರ್ಡಿಗೆ ಹೆಚ್ಚು ವಾಟ್ ಕೊಡುವ ಮಾದರಿ. ಅದರೊಳಗೆ ಇವೆರಡರಲ್ಲಿ ಯಾವ ಪ್ರೊಸೆಸರ್ ಇದ್ದರೂ ಗೊಣಗುವುದಿಲ್ಲ. ಯಾವುದನ್ನು ತಂದರೂ ಮೊದಲ ಸಂಜೆಯೇ ವಾಟ್ ತೋರಿಸುವ ಆ ಸಾಲನ್ನು ತೆರೆದಿಟ್ಟು ಅರ್ಧ ಗಂಟೆ ಆಡುತ್ತೇನೆ, ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ಎಷ್ಟು ಜಾಗಗಳಲ್ಲಿ ಕೂತಿದೆ ಎಂದೂ ನೋಡುತ್ತೇನೆ. ಹಿಂದಿರುಗಿಸಲು ಕೊಟ್ಟಿರುವ ದಿನಗಳು ಬಹಳ ಇರುವುದಿಲ್ಲ.